ಜಾತ್ರೆಗೆ ಮುಂಚೆ ಬಚ್ಚಲುಮನೆ

ಚಿಕ್ಕ ಬಚ್ಚಲು, ಕಡಿಮೆ ದಿನ, ಗಡಸು ನೀರು: ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಮನೆಗಳಿಗೊಂದು ಕೈಪಿಡಿ

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಫಾಲ್ಗುಣದಲ್ಲಿ. ತೇರಿಗೆ ನೆಂಟರು ಬರುತ್ತಾರೆ. ಅದರ ಬೆನ್ನಿಗೇ ಯುಗಾದಿ, ಯುಗಾದಿ ಕಳೆದರೆ ಮದುವೆಗಳ ಸಾಲು. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಮನೆಗಳಲ್ಲಿ ‘ಈ ಸಲನಾದ್ರೂ ಬಚ್ಚಲು ಸರಿಮಾಡಿಸ್ರಿ’ ಎಂಬ ಮಾತು ಏಳುವುದೂ ಆಗಲೇ. ಅಷ್ಟರಲ್ಲಿ ಮೇಸ್ತ್ರಿಗಳಿಗೆ ಬಿಡುವಿರುವುದಿಲ್ಲ, ಮನೆಯಲ್ಲಿ ಇರುವುದು ಒಂದೇ ಬಚ್ಚಲು, ಕೈಯಲ್ಲಿರುವುದು ಒಂದೆರಡು ವಾರ.

ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಮನೆಯವರೇ ಮಾಡಿಕೊಳ್ಳಬಹುದು. ಆದರೆ ದಿನಗಳ ಲೆಕ್ಕ ಹಾಕುವಾಗ ಒಂದು ವಿಷಯ ತಲೆಯಲ್ಲಿರಬೇಕು. ಒಡೆಯುವುದನ್ನು, ಕೊಳ್ಳುವುದನ್ನು, ಜೋಡಿಸುವುದನ್ನು ಎಷ್ಟು ಬೇಕಾದರೂ ಚುರುಕು ಮಾಡಬಹುದು. ಸಿಮೆಂಟು ಗಟ್ಟಿಯಾಗುವುದನ್ನು ಚುರುಕು ಮಾಡಲಾಗದು. ಬೇಗ ಮುಗಿಸಿದ ಬಚ್ಚಲು ಎರಡು ಮಳೆಗಾಲದೊಳಗೆ ಸೋರುತ್ತದೆಂದರೆ, ಬಹುಪಾಲು ಸಲ ಯಾರೋ ಒಣಗಲು ಬಿಡಬೇಕಾದ ದಿನವನ್ನು ಉಳಿಸಿದ್ದಾರೆ ಎಂದೇ ಅರ್ಥ.

ನೆಲ ಅಗೆಯಬೇಕೆ, ಬೇಡವೆ?

ಕೆಲಸ ಐದು ದಿನದ್ದೋ ಹನ್ನೆರಡು ದಿನದ್ದೋ ಎಂಬುದನ್ನು ಈ ಒಂದು ಪ್ರಶ್ನೆ ತೀರ್ಮಾನಿಸುತ್ತದೆ. ಉತ್ತರ ಸಿಗಲು ನಾಲ್ಕು ಪರೀಕ್ಷೆ ಸಾಕು.

ಮೊದಲನೆಯದು, ಐದು ರೂಪಾಯಿ ನಾಣ್ಯದಿಂದ ಟೈಲ್ಸನ್ನು ಒಂದೊಂದಾಗಿ ತಟ್ಟಿ. ಗಟ್ಟಿ ಕೂತದ್ದು ‘ಟಕ್’ ಎನ್ನುತ್ತದೆ, ಅಡಿ ಬಿಟ್ಟದ್ದು ‘ಡಬ್ ಡಬ್’ ಎನ್ನುತ್ತದೆ. ಪೊಳ್ಳು ದನಿಯವಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಹತ್ತರಲ್ಲಿ ಒಂದಿದ್ದರೆ ಅದೊಂದನ್ನೇ ಕಿತ್ತು ಗಾರೆ ತುಂಬಿದರಾಯಿತು. ಮೂರು–ನಾಲ್ಕು ಇದ್ದರೆ ಎಲ್ಲ ಕೀಳಬೇಕು.

ಎರಡನೆಯದು, ನೆಲದ ಮೂಲೆಯಲ್ಲಿ ಒಂದು ಚೊಂಬು ನೀರು ಸುರಿದು ನೋಡಿ. ನೀರು ತಾನಾಗಿ ಜಾಲರಿ ಕಡೆಗೆ ಹರಿದರೆ ಇಳಿಜಾರು ಸರಿಯಿದೆ. ಬಾಗಿಲ ಕಡೆಗೆ ಬಂದರೆ, ಇಲ್ಲವೇ ಕಮೋಡಿನ ಬುಡದಲ್ಲಿ ನಿಂತರೆ ನೆಲ ತೆಗೆಯದೆ ಬೇರೆ ದಾರಿಯಿಲ್ಲ.

ಮೂರನೆಯದು, ಗೋಡೆಯ ಆಚೆ ಬದಿಗೆ ಹೋಗಿ ನೋಡಿ. ಬಣ್ಣ ಉಬ್ಬಿದ್ದರೆ, ಬಿಳಿ ಉಪ್ಪು ಹೂವಿನ ಹಾಗೆ ಎದ್ದಿದ್ದರೆ ನೀರು ಒಳಗಿಂದ ದಾಟುತ್ತಿದೆ. ಮೊಳಕಾಲ್ಮುರಿನ ನೇಕಾರರ ಮನೆಗಳಲ್ಲಿ ಇದನ್ನು ಇನ್ನೂ ಗಮನವಿಟ್ಟು ನೋಡಬೇಕು. ಕುಣಿಮಗ್ಗದ ಕುಣಿ ನೆಲಮಟ್ಟಕ್ಕಿಂತ ಕೆಳಗಿರುತ್ತದೆ. ಬಚ್ಚಲ ಪಕ್ಕದ ಕೋಣೆಯಲ್ಲೇ ಮಗ್ಗವಿದ್ದರೆ ಸೋರಿದ ನೀರಿಗೆ ಆ ಕುಣಿಯೇ ತಗ್ಗು. ರೇಷ್ಮೆ ಹಾಸಿನ ಬುಡಕ್ಕೆ ತೇವ ಬಂದರೆ ಹಾಳಾಗುವುದು ಬಚ್ಚಲಿನ ಖರ್ಚಿಗಿಂತ ದೊಡ್ಡ ದುಡ್ಡು. ಅಂಥ ಮನೆಗೆ ಐದು ದಿನದ ದಾರಿ ಬೇಡ.

ನಾಲ್ಕನೆಯದು ವಾಸನೆ. ಜಾಲರಿಯಿಂದ ಕೆಟ್ಟ ವಾಸನೆ ಬರುತ್ತಿದ್ದರೆ ಕೆಳಗೆ ನೀರು ನಿಂತು ವಾಸನೆ ತಡೆಯುವ ಬಾಗು, ಅಂದರೆ ಟ್ರ್ಯಾಪ್, ಬಹುಶಃ ಇಲ್ಲ, ಇದ್ದರೂ ಒಡೆದಿದೆ. ಅದಕ್ಕೂ ನೆಲ ಅಗೆಯಬೇಕು.

ನಾಲ್ಕರಲ್ಲೂ ಪಾಸಾದರೆ ಹಳೆಯ ಟೈಲ್ಸಿನ ಮೇಲೇ ಹೊಸ ಟೈಲ್ಸ್ ಅಂಟಿಸಬಹುದು. ಒಡೆಯುವ ದೂಳಿಲ್ಲ, ಕಲ್ಲುಮಣ್ಣು ಹೊರುವುದಿಲ್ಲ. ನೆಲ ಮಾತ್ರ ಸುಮಾರು ಅರ್ಧ ಇಂಚು ಏರುತ್ತದೆ. ಅಷ್ಟಕ್ಕೆ ಬಾಗಿಲು ತಾಗುತ್ತದೆಯೇ, ಒಳಗಿನ ನೆಲ ಹೊರಗಿನದಕ್ಕಿಂತ ಇನ್ನೂ ತಗ್ಗಿನಲ್ಲೇ ಉಳಿಯುತ್ತದೆಯೇ ಎಂದು ಮೊದಲೇ ಅಳೆದುಕೊಳ್ಳಿ.

ನಿಮ್ಮ ಕೈಗೆ ಯಾವುದು, ಬಲ್ಲವರ ಕೈಗೆ ಯಾವುದು

ಹಳೆಯ ಸಾಮಾನು ಬಿಚ್ಚುವುದು, ಟೈಲ್ಸ್ ಕೀಳುವುದು, ವಾಟರ್‌ಪ್ರೂಫ್ ಕೋಟ್ ಹೊಡೆಯುವುದು, ಸಂದು ತುಂಬುವುದು, ನಲ್ಲಿ–ಷವರ್–ಕನ್ನಡಿ–ಟವೆಲ್ ಕಂಬಿ ಕೂರಿಸುವುದು, ಬಣ್ಣ ಬಳಿಯುವುದು: ಇವೆಲ್ಲ ಮನೆಯವರ ಕೆಲಸ. ಅಂಟಿನಿಂದ ಟೈಲ್ಸ್ ಕೂರಿಸುವುದನ್ನೂ ತಾಳ್ಮೆಯಿದ್ದರೆ ಕಲಿಯಬಹುದು.

ಮೂರು ಕೆಲಸಕ್ಕೆ ಮಾತ್ರ ಬಲ್ಲವರನ್ನೇ ಕರೆಯಿರಿ. ಕಮೋಡಿನ 4 ಇಂಚಿನ ಪೈಪು, ನೆಲದ ಇಳಿಜಾರು, ಮತ್ತು ಕರೆಂಟು. ಈ ಮೂವರಿಗೂ ಆದಷ್ಟು ಮುಂಚೆ ದಿನ ಗೊತ್ತುಮಾಡಿ. ಒಬ್ಬರು ತಪ್ಪಿಸಿದರೆ ಉಳಿದ ದಿನಗಳೆಲ್ಲ ಹಿಂದೆ ಬೀಳುತ್ತವೆ.

ಇಲ್ಲಿನ ಹಳೆಯ ಮನೆಗಳಿಗೆ ಒಂದು ಎಚ್ಚರಿಕೆ. ಕಲ್ಲು–ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇರುವ ಮನೆಯಲ್ಲಿ ಡ್ರಿಲ್ಲಿಂಗ್ ಮಷಿನ್ ಹಚ್ಚಿ ಗೋಡೆ ಸೀಳಬೇಡಿ. ಕಲ್ಲುಗಳ ನಡುವಿನ ಮಣ್ಣು ಅದುರಿ ಉದುರುತ್ತದೆ. ಉಳಿ, ಸುತ್ತಿಗೆಯಲ್ಲೇ ಮೆಲ್ಲಗೆ ಬಿಡಿಸಿ. ನೀರಿನ ಪೈಪನ್ನು ಗೋಡೆಯೊಳಗೆ ಹೂಳದೆ ಹೊರಗೆ ಕ್ಲಾಂಪ್ ಹಾಕಿ ಓಡಿಸಿ. ನೋಡಲು ಅಷ್ಟು ಚೆನ್ನಾಗಿರುವುದಿಲ್ಲ ಎನ್ನುವವರಿದ್ದಾರೆ. ಆದರೆ ನಮ್ಮ ಬೋರ್ ನೀರು ಪೈಪಿನೊಳಗೆ ಉಪ್ಪು ಕಟ್ಟಿಸಿದ ದಿನ, ಹೊರಗಿರುವ ಪೈಪನ್ನು ಟೈಲ್ಸ್ ಒಡೆಯದೆ ಬದಲಿಸಬಹುದು.

ಒಡೆಯುವ ಮುಂಚೆ ಎಲ್ಲವೂ ಮನೆಯಲ್ಲಿರಲಿ

ಕೆಲಸ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಸಾಮಾನಿಗಾಗಿ. ಒಂದು ಎಲ್ಬೋ ಇಲ್ಲವೆಂದು ಮೊಳಕಾಲ್ಮುರಿನಿಂದ ರಾಯದುರ್ಗಕ್ಕೋ ಚಳ್ಳಕೆರೆಗೋ ಬಳ್ಳಾರಿಗೋ ಓಡುವುದರಲ್ಲಿ ಅರ್ಧ ದಿನ ಹೋಗುತ್ತದೆ. ಪೈಪಿನ ಎಲ್ಬೋ, ಟೀ, ಎಂಡ್ ಪ್ಲಗ್‌ಗಳನ್ನು ಲೆಕ್ಕಕ್ಕಿಂತ ಎರಡೆರಡು ಹೆಚ್ಚು ತನ್ನಿ, ಉಳಿದದ್ದನ್ನು ವಾಪಸ್ ಕೊಡುವುದಾಗಿ ಅಂಗಡಿಯಲ್ಲಿ ಮಾತಾಡಿಕೊಂಡೇ ತನ್ನಿ.

ಟೈಲ್ಸ್ ಲೆಕ್ಕ ಹೀಗೆ. 5 ಅಡಿ ಅಗಲ, 7 ಅಡಿ ಉದ್ದದ ಬಚ್ಚಲು ಎಂದುಕೊಳ್ಳಿ. ಸ್ನಾನ–ಶೌಚ ಎರಡೂ ಒಂದೇ ಕಡೆಯಿದ್ದರೆ ಕನಿಷ್ಠ 2.8 ಚದರ ಮೀಟರ್, ಅಂದರೆ ಸುಮಾರು 30 ಚದರ ಅಡಿ ಇರಬೇಕೆನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಇದು 35 ಚದರ ಅಡಿ, ಸಾಕು. ನಾಲ್ಕು ಗೋಡೆಯ ಸುತ್ತಳತೆ 24 ಅಡಿ. 7 ಅಡಿ ಎತ್ತರಕ್ಕೆ 168 ಚದರ ಅಡಿ. ಬಾಗಿಲಿನ 17 ಕಳೆದರೆ 151. ಒಡೆಯುವುದು, ಕತ್ತರಿಸುವುದು ಎಂದು ನೂರಕ್ಕೆ ಹತ್ತು ಸೇರಿಸಿ: 166. 12×18 ಇಂಚಿನ ಒಂದು ಟೈಲ್ ಒಂದೂವರೆ ಚದರ ಅಡಿ, ಹಾಗಾಗಿ 111 ಬೇಕು. ನೆಲಕ್ಕೆ 12×12 ಇಂಚಿನವು 39. ದುಡ್ಡು ಬಿಗಿಯಿದ್ದರೆ ಸ್ನಾನ ಮಾಡುವ ಮೂಲೆಗೆ ಮಾತ್ರ 7 ಅಡಿ ಏರಿಸಿ, ಉಳಿದ ಕಡೆ 4 ಅಡಿಗೆ ನಿಲ್ಲಿಸಿ. ಎಲ್ಲ ಡಬ್ಬಗಳ ಮೇಲೂ ಬ್ಯಾಚ್ ಸಂಖ್ಯೆ ಒಂದೇ ಇದೆಯೇ ನೋಡಿ. ಬೇರೆ ಬ್ಯಾಚಿನದಾದರೆ ಬಣ್ಣದಲ್ಲಿ ಎಳೆಯಷ್ಟಾದರೂ ವ್ಯತ್ಯಾಸ ಬರುತ್ತದೆ.

ನೆಲಕ್ಕೆ ದೊಡ್ಡ ಟೈಲ್ಸ್ ಬೇಡ. ನಾಲ್ಕೂ ಕಡೆಯಿಂದ ಜಾಲರಿಗೆ ಇಳಿಜಾರು ಕೊಡಬೇಕಾದಲ್ಲಿ ಚಿಕ್ಕವು ಬಾಗಿ ಕೂರುತ್ತವೆ, ದೊಡ್ಡವು ಮೂಲೆ ಎತ್ತುತ್ತವೆ.

ಕಮೋಡ್ ಬದಲಿಸುವುದಾದರೆ ಅಳತೆ ತೆಗೆದುಕೊಂಡೇ ಅಂಗಡಿಗೆ ಹೋಗಿ. ಪೈಪು ನೆಲಕ್ಕಿಳಿದರೆ ಎಸ್ ಟ್ರ್ಯಾಪ್, ಗೋಡೆಗೆ ಹೋದರೆ ಪಿ ಟ್ರ್ಯಾಪ್. ಎಸ್ ಟ್ರ್ಯಾಪ್ ಆದರೆ ಟೈಲ್ಸ್ ಕೂತ ಗೋಡೆಯಿಂದ ಪೈಪಿನ ನಡುಮಧ್ಯಕ್ಕೆ ಎಷ್ಟು ಎಂಬುದು ಮುಖ್ಯ. ಸಾಮಾನ್ಯವಾಗಿ ಸಿಗುವುದು 9 ಇಂಚು, ಇಲ್ಲವೇ 12 ಇಂಚಿನವು. ಹೊಸ ಟೈಲ್ಸ್ ಗೋಡೆಯನ್ನು ಎಷ್ಟು ಮುಂದೆ ತರುತ್ತದೆ ಎಂಬುದನ್ನೂ ಲೆಕ್ಕದಲ್ಲಿ ಕಳೆಯಬೇಕು.

ಕೂರಿಸಲು ಸಿಮೆಂಟ್ ಗಾರೆಯೋ ಅಂಟೋ? ದಿನ ಕಡಿಮೆಯಿದ್ದರೆ ಅಂಟು. ಗಾರೆಗೆ ಸೆರಾಮಿಕ್ ಟೈಲ್ಸನ್ನು ನೆನೆಹಾಕಬೇಕು, ಆಮೇಲೆ ದಿನವೂ ನೀರು ಹಾಕಬೇಕು. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಊರಲ್ಲಿ ಅದೂ ಒಂದು ಹೊರೆ. ಚೀಲದ ಅಂಟಿಗೆ ಟೈಲ್ಸ್ ನೆನೆಸುವ ಹಾಗಿಲ್ಲ, ಒಂದು ದಿನ ಬಿಟ್ಟರೆ ಸಂದು ತುಂಬಬಹುದು. ಚೀಲದ ಮೇಲೆ ಐಎಸ್ 15477 ಎಂಬ ಗುರುತು ನೋಡಿ. ಹಳೆಯ ಟೈಲ್ಸಿನ ಮೇಲೆ ಹಾಕುವುದಾದರೆ ಅದಕ್ಕೆಂದೇ ಬರೆದಿರುವುದನ್ನೇ ತನ್ನಿ.

ಐದು ದಿನದ ದಾರಿ: ಟೈಲ್ಸ್ ಮೇಲೆ ಟೈಲ್ಸ್

ಮೊದಲ ದಿನ: ನೀರು ನಿಲ್ಲಿಸಿ ಸಾಮಾನು ಬಿಚ್ಚಿ. ಹಳೆಯ ಟೈಲ್ಸಿಗೆ ಅಂಟಿದ ಸೋಪು, ಎಣ್ಣೆ ಜಿಡ್ಡನ್ನು ಸೋಪಿನ ಪುಡಿ ಹಾಕಿ ಉಜ್ಜಿ ತೊಳೆಯಿರಿ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯ ಬಚ್ಚಲಿನಲ್ಲಿ ಜಿಡ್ಡಿನ ಪದರ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಅದರ ಮೇಲೆ ಯಾವ ಅಂಟೂ ನಿಲ್ಲದು. ಆಮೇಲೆ ಗ್ರೈಂಡರ್‌ನಿಂದ ಮೇಲ್ಮೈಯನ್ನು ಗೀರಿ ಒರಟು ಮಾಡಿ. ಕನ್ನಡಕ, ಮಾಸ್ಕ್ ಇಲ್ಲದೆ ಈ ಕೆಲಸಕ್ಕಿಳಿಯಬೇಡಿ.

ಎರಡನೆಯ ದಿನ ಗೋಡೆ, ಮೂರನೆಯ ದಿನ ನೆಲ. ಬೇಸಿಗೆಯಲ್ಲಿ ಇಲ್ಲಿನ ಒಣಗಾಳಿಗೆ ಅಂಟು ಬೇಗ ಚರ್ಮ ಕಟ್ಟುತ್ತದೆ. ಬೆಳಿಗ್ಗೆ ಬೇಗ ಶುರುಮಾಡಿ, ಒಂದು ಸಲಕ್ಕೆ ನಾಲ್ಕೈದು ಟೈಲ್ಸಿಗಾಗುವಷ್ಟೇ ಕಲಸಿ. ಕಲಸಿದ ಮೇಲೆ ಐದು–ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ತಿರುವಿ. ಗಟ್ಟಿಯಾಗತೊಡಗಿದ್ದಕ್ಕೆ ನೀರು ಬೆರೆಸಿ ಮೆದು ಮಾಡಬೇಡಿ, ಎಸೆಯಿರಿ. ಹಲ್ಲಿನ ಕರಣೆಯಿಂದ ಗೆರೆ ಎಳೆದು, ಟೈಲ್ ಒತ್ತಿ, ಮೊದಲ ಎರಡು–ಮೂರನ್ನು ಕಿತ್ತು ಹಿಂಬದಿ ನೋಡಿ. ಅಂಟು ಪೂರ್ತಿ ಹರಡಿದ್ದರೆ ಸರಿ, ಅಲ್ಲಲ್ಲಿ ಬೋಳಿದ್ದರೆ ಇನ್ನಷ್ಟು ದಪ್ಪ ಹಚ್ಚಬೇಕು.

ನಾಲ್ಕನೆಯ ದಿನ ಸಂಜೆಯವರೆಗೆ ನೆಲಕ್ಕೆ ಕಾಲಿಡದೆ ಬಿಟ್ಟು, ಆಮೇಲೆ ಸಂದು ತುಂಬಿ. ಐದನೆಯ ದಿನ ಕಮೋಡು, ನಲ್ಲಿ, ಕಂಬಿ. ಆರನೆಯ ದಿನ ಬೆಳಿಗ್ಗೆ ಸ್ನಾನ.

ಹನ್ನೆರಡು ದಿನದ ದಾರಿ: ನೆಲದಿಂದ ಮೇಲಕ್ಕೆ

1ನೇ ದಿನ: ಒಡೆತ. ಮೊದಲು ಪೈಪಿನ ಬಾಯಿಗಳಿಗೆಲ್ಲ ಬಟ್ಟೆ ಗಿಡಿದು ಪ್ಲಾಸ್ಟಿಕ್ ಕಟ್ಟಿ. ಒಂದು ಹೆಂಟೆ ಬಿದ್ದರೂ ಆಮೇಲೆ ತೆಗೆಯುವುದು ಕಷ್ಟ. ಒಡೆದ ಕಲ್ಲುಮಣ್ಣನ್ನು ಚರಂಡಿಗೆ ಸುರಿಯಬೇಡಿ. ಎಲ್ಲಿ ಹಾಕಬೇಕೆಂದು ಚಳ್ಳಕೆರೆಯಲ್ಲಾದರೆ ನಗರಸಭೆ, ಮೊಳಕಾಲ್ಮುರಿನಲ್ಲಾದರೆ ಪಟ್ಟಣ ಪಂಚಾಯಿತಿಯನ್ನು ಕೇಳಿ.

2ನೇ ದಿನ: ಪೈಪು ಮತ್ತು ವೈರಿನ ಪೈಪು. ನೆಲ ತೆರೆದ ಈ ಒಂದು ದಿನ ಸಿಗುವ ಅವಕಾಶ ಮತ್ತೆ ಸಿಗದು: ಸ್ನಾನದ ನೀರಿನ ಪೈಪನ್ನು ಶೌಚದ ಪೈಪಿನಿಂದ ಬೇರೆ ಮಾಡಿ. ಶೌಚದ್ದು ಸೆಪ್ಟಿಕ್ ಟ್ಯಾಂಕಿಗೆ, ಸ್ನಾನದ್ದು ಹಿತ್ತಿಲಿನ ತೆಂಗು, ಬಾಳೆ, ಕರಿಬೇವಿಗೆ. ಬಕೆಟ್ ಸ್ನಾನಕ್ಕೆ ಒಬ್ಬರಿಗೆ 15–20 ಲೀಟರ್ ಎಂದರೂ ಐದು ಜನರ ಮನೆಯಲ್ಲಿ ದಿನಕ್ಕೆ 75ರಿಂದ 100 ಲೀಟರ್ ಗಿಡಕ್ಕೆ ಸಿಗುತ್ತದೆ, ಟ್ಯಾಂಕೂ ಬೇಗ ತುಂಬುವುದಿಲ್ಲ. ಮಳೆ ಕಡಿಮೆಯ ಈ ಸೀಮೆಯಲ್ಲಿ ಇದಕ್ಕಿಂತ ಅಗ್ಗದ ನೀರಾವರಿ ಇಲ್ಲ. ಅಂಟುದ್ರವದ ಜೋಡಣೆಗಳು ಡಬ್ಬದ ಮೇಲೆ ಬರೆದಷ್ಟು ಹೊತ್ತು ಒಣಗಿದ ಮೇಲೆ ಬಾಯಿಗಳಿಗೆ ಎಂಡ್ ಪ್ಲಗ್ ಹಾಕಿ, ಓವರ್‌ಹೆಡ್ ಟ್ಯಾಂಕಿನ ನೀರು ಬಿಟ್ಟು ರಾತ್ರಿಯಿಡೀ ಬಿಡಿ.

3ನೇ ದಿನ: ಬೆಳಿಗ್ಗೆ ಪ್ರತಿ ಜೋಡಣೆಯ ಕೆಳಗೂ ಒಣ ಕಾಗದದಿಂದ ಒರೆಸಿ ನೋಡಿ. ತೇವವಿಲ್ಲದಿದ್ದರಷ್ಟೇ ಗಾರೆ ಮುಚ್ಚಿ. ನೆಲಕ್ಕೆ ಗಾರೆಯ ಬೆಡ್ ಹಾಕುವಾಗ ಅಡಿಗೆ ಕಾಲು ಇಂಚು ಇಳಿಜಾರು ಕೊಡಿಸಿ; 7 ಅಡಿ ಉದ್ದಕ್ಕೆ ಒಂದೂಮುಕ್ಕಾಲು ಇಂಚು. ಗೋಡೆ–ನೆಲ ಸೇರುವ ಮೂಲೆಗೆ ಗುಂಡಗೆ ಗಾರೆ ತುಂಬಿಸಿ, ಸೋರಿಕೆ ಶುರುವಾಗುವುದು ಅಲ್ಲಿಂದಲೇ.

4 ಮತ್ತು 5ನೇ ದಿನ: ಬೆಡ್ ಗಟ್ಟಿಯಾಗುತ್ತಿರಲಿ, ಒದ್ದೆ ಗೋಣಿಚೀಲ ಹಾಸಿ. ಈ ಕಾಯುವ ದಿನಗಳನ್ನು ಗೋಡೆಗೆ ಬಳಸಿಕೊಳ್ಳಿ. ಎರಡನೆಯ ಸಾಲಿನ ಮಟ್ಟಕ್ಕೆ ನೇರವಾದ ಮರದ ಪಟ್ಟಿ ಹೊಡೆದು, ಅದರ ಮೇಲಿಂದ ಟೈಲ್ಸ್ ಏರಿಸಿ. ಕೆಳಗಿನ ಒಂದು ಸಾಲು ಖಾಲಿ ಇರಲಿ. ಹೊಸ ಗಾರೆ ಬಿದ್ದ ಗೋಡೆಯನ್ನು 5ನೇ ದಿನಕ್ಕೆ ಇಟ್ಟುಕೊಳ್ಳಿ.

6ನೇ ದಿನ: ನೆಲ ಗುಡಿಸಿ, ತೊಳೆದು, ನೀರು ನಿಲ್ಲದಂತೆ ಒರೆಸಿ, ವಾಟರ್‌ಪ್ರೂಫ್ ಕೋಟ್ ಹೊಡೆಯಿರಿ: ಬೆಳಿಗ್ಗೆ ಒಂದು, ಸಂಜೆ ಅದಕ್ಕೆ ಅಡ್ಡಡ್ಡಲಾಗಿ ಇನ್ನೊಂದು. ನೆಲದ ಜೊತೆಗೆ ಗೋಡೆಯ ಖಾಲಿ ಬಿಟ್ಟ ಸಾಲಿಗೂ, ಪೈಪುಗಳ ಸುತ್ತಲೂ ಬರಬೇಕು.

7 ಮತ್ತು 8ನೇ ದಿನ: ಬಾಗಿಲು ಹಾಕಿ, ಒಳಗೆ ಹೋಗಬೇಡಿ. ಮನೆಯವರೆಲ್ಲ ‘ಏನೂ ಕೆಲಸ ಆಗ್ತಿಲ್ಲ’ ಎನ್ನುವ ದಿನಗಳಿವು. ಕನ್ನಡಿ, ಬಾಗಿಲಿನ ಬಣ್ಣ, ಕಿಟಕಿಯ ಜಾಲರಿಯ ಕೆಲಸವನ್ನು ಹೊರಗೆ ಮುಗಿಸಿಕೊಳ್ಳಿ.

9ನೇ ದಿನ: ಜಾಲರಿಯ ಬಾಯಿ ಕಟ್ಟಿ, ಹೊಸ್ತಿಲಿಗೆ ಗಾರೆಯ ಕಟ್ಟೆ ಹಾಕಿ, ಎರಡು ಇಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಆಚೆ ಗೋಡೆಗೆ, ಮಹಡಿಯಾದರೆ ಕೆಳಗಿನ ಚಾವಣಿಗೆ 24 ಗಂಟೆಯಲ್ಲಿ ತೇವ ಬರಬಾರದು. ಬಂದರೆ ಜಾತ್ರೆ ಹೋದರೂ ಹೋಗಲಿ, ಕೋಟ್ ಮತ್ತೆ ಹೊಡೆಯಿರಿ.

10ನೇ ದಿನ ಕೆಳಸಾಲು ಮತ್ತು ನೆಲದ ಟೈಲ್ಸ್, 11ನೇ ದಿನ ಸಂಜೆ ಸಂದು ತುಂಬುವುದು, 12ನೇ ದಿನ ಕಮೋಡು, ನಲ್ಲಿ, ಗೀಸರ್. ಕಮೋಡಿನ ಬುಡದ ಸಿಮೆಂಟು ಒಂದು ದಿನ ಒಣಗಲಿ. ಎಲ್ಲದರ ಮೇಲೆ ಎರಡು ದಿನ ಕೈಯಲ್ಲಿಟ್ಟುಕೊಂಡೇ ಶುರುಮಾಡಿ.

ಅಲ್ಲಿಯವರೆಗೆ ಸ್ನಾನಕ್ಕೆ ಹಿತ್ತಿಲಿನಲ್ಲಿ ಎರಡು ಕಡಪ ಕಲ್ಲು ಹಾಸಿ, ಸುತ್ತ ತಟ್ಟಿಯೋ ತಗಡೋ ನಿಲ್ಲಿಸಿದರೆ ಸಾಕು. ಶೌಚಕ್ಕೆ ಮಾತ್ರ ಪಕ್ಕದ ಮನೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ, ವಯಸ್ಸಾದವರಿದ್ದರೆ ಆ ದಿನಗಳಿಗೆ ಮಗಳ ಮನೆಗೋ ತಮ್ಮನ ಮನೆಗೋ ಕಳಿಸುವುದು ಒಳ್ಳೆಯದು.

ನಮ್ಮ ನೀರಿಗೆ ತಕ್ಕ ಸಾಮಾನು

ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಇಲ್ಲಿನ ಬೋರ್ ನೀರು ಎಷ್ಟು ಗಡಸು ಎಂಬುದನ್ನು ಸೋಪೇ ಹೇಳುತ್ತದೆ: ನೊರೆ ಏಳದು. ಅದಕ್ಕೆ ತಕ್ಕ ಹಾಗೆ ಆರಿಸಿ. ಕಪ್ಪು, ಕಡುನೀಲಿ, ಹೊಳಪಿನ ಟೈಲ್ಸಿನ ಮೇಲೆ ವಾರದೊಳಗೆ ಬಿಳಿ ಕಲೆ ಎದ್ದು ಕಾಣುತ್ತದೆ. ತಿಳಿ ಬೂದು, ಮರಳಿನ ಬಣ್ಣದ ಮಂಕು ಟೈಲ್ಸ್ ಅದನ್ನು ಮರೆಸುತ್ತದೆ. ಷವರ್ ತೆಗೆದುಕೊಳ್ಳುವುದಾದರೆ ಮೆತ್ತನೆಯ ರಬ್ಬರ್ ತೂತುಗಳದ್ದು ಇರಲಿ, ಬೆರಳಲ್ಲಿ ಉಜ್ಜಿದರೆ ಉಪ್ಪು ಉದುರುತ್ತದೆ. ಪ್ರತಿ ನಲ್ಲಿಗೂ ಬೇರೆ ಬೇರೆ ಆಂಗಲ್ ಕಾಕ್ ಹಾಕಿಸಿ, ಒಂದು ಕೆಟ್ಟರೆ ಮನೆಯ ನೀರನ್ನೆಲ್ಲ ನಿಲ್ಲಿಸಬೇಕಿಲ್ಲ. ಫ್ಲಷ್ ಟ್ಯಾಂಕು 3 ಮತ್ತು 6 ಲೀಟರಿನ ಎರಡು ಗುಂಡಿಯದಾದರೆ ನೀರು ಉಳಿಯುತ್ತದೆ.

ಕಲೆ ಹೋಗಲಿ ಎಂದು ಆಸಿಡ್ ಸುರಿಯುವ ಅಭ್ಯಾಸ ಬಿಡಿ. ಆಸಿಡ್ಡು ಕಲೆಯ ಜೊತೆಗೆ ಸಂದಿನ ಸಿಮೆಂಟನ್ನೂ ತಿನ್ನುತ್ತದೆ, ನೀರು ಅಲ್ಲಿಂದಲೇ ಕೆಳಗಿಳಿಯುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಸೇರಿದರೆ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ನಿಂಬೆಹಣ್ಣಿನ ಸಿಪ್ಪೆ, ವಿನೆಗರ್ ಸಾಕು, ಅದನ್ನೂ ಕೂಡಲೇ ತೊಳೆದುಬಿಡಿ.

ಎರಡೂ ತಾಲ್ಲೂಕುಗಳ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಸ್ನಾನಕ್ಕೆ ಅದರಿಂದ ತೊಂದರೆಯಿಲ್ಲ. ಮಕ್ಕಳು ಬಚ್ಚಲ ನಲ್ಲಿಗೆ ಬಾಯಿ ಕೊಟ್ಟು ಕುಡಿಯದಂತೆ ನೋಡಿಕೊಳ್ಳಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಕರೆಂಟು, ಹಂಡೆ, ಗ್ಯಾಸು

2 ಕಿಲೋವ್ಯಾಟ್ ಗೀಸರಿಗೆ 16 ಆಂಪಿಯರ್ ಸಾಕೆಟ್ಟು, ಬೇರೆಯದೇ ವೈರು, ಸರಿಯಾದ ಅರ್ಥಿಂಗ್ ಬೇಕು. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಈ ಕೆಲಸದ ಜೊತೆಗೇ ಹಾಕಿಸಿ. ಒದ್ದೆ ಮೈಗೆ ಕರೆಂಟು ಸೋರಿದಾಗ ಕಣ್ಣು ಮಿಟುಕಿಸುವುದರೊಳಗೆ ಕಡಿದುಬಿಡುವುದು ಅದೇ. ಸ್ವಿಚ್ಚು ಬಾಗಿಲ ಹೊರಗಿರಲಿ.

ಜಾಲಿ ಕಟ್ಟಿಗೆ, ಶೇಂಗಾ ಹೊಟ್ಟು ಉರಿಸುವ ಹಂಡೆಯೊಲೆಯನ್ನು ಉಳಿಸಿಕೊಳ್ಳುವವರು ಒಲೆಯ ಬಾಯಿ ಹೊರಗೋಡೆಗೆ ಬರುವಂತೆ ಮಾಡಿ. ಹಂಡೆಯ ಸುತ್ತ ಕಡಪ ಕಲ್ಲು ಹಾಕಿ. ಟೈಲ್ಸಾದರೆ ಕಾವಿಗೆ ಅಂಟು ಬಿಡುತ್ತದೆ. ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲಿನೊಳಗೆ ಯಾವ ಕಾರಣಕ್ಕೂ ಕೂರಿಸಬೇಡಿ. ಅದು ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿಯುತ್ತಾರೆ. ಗೋಡೆಯ ಹೊರಗೆ, ಗಾಳಿಯಾಡುವಲ್ಲಿ ಇಡಿ.

ಜಾರದ ನೆಲ, ಹಿಡಿಯಲು ಕಂಬಿ

ಯುಗಾದಿಯ ಎಣ್ಣೆಸ್ನಾನ, ಬಾಣಂತಿ ಸ್ನಾನ, ಅಜ್ಜಿಯ ಮೊಣಕಾಲಿಗೆ ಹರಳೆಣ್ಣೆ: ನಮ್ಮ ಬಚ್ಚಲಿನ ನೆಲಕ್ಕೆ ಎಣ್ಣೆ ತಪ್ಪಿದ್ದಲ್ಲ. ಅಂಗಡಿಯಲ್ಲೇ ಟೈಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ಹೆಬ್ಬೆರಳಿನಿಂದ ಒತ್ತಿ ಜಾರಿಸಿ ನೋಡಿಯೇ ಕೊಳ್ಳಿ. ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ನೆಲದಿಂದ ಎರಡೂಮುಕ್ಕಾಲು ಅಡಿ ಎತ್ತರಕ್ಕೆ ಸ್ಟೀಲ್ ಕಂಬಿ ಹಾಕಿಸಿ. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ಮೈಯೇ ತಡೆಯುತ್ತದೆ.

ದುಡ್ಡು ಸಾಲದಿದ್ದರೆ

ಸಾಮಾನ್ಯವಾಗಿ ಜನ ಕಡಿತ ಮಾಡುವುದು ಕಣ್ಣಿಗೆ ಕಾಣದ ಕಡೆ: ಕಡಿಮೆ ಬೆಲೆಯ ಪೈಪು, ಒಂದೇ ಕೋಟು, ಟ್ರ್ಯಾಪ್ ಇಲ್ಲದ ಜಾಲರಿ. ಅದನ್ನು ತಿರುವಿಹಾಕಿ. ನೆಲದಡಿ, ಗೋಡೆಯೊಳಗೆ, ಬೋರ್ಡಿನೊಳಗೆ ಹೋಗುವುದಕ್ಕೆ ಒಳ್ಳೆಯ ಸಾಮಾನು ಹಾಕಿ. ಹಳೆಯ ನಲ್ಲಿಯನ್ನೇ ತೊಳೆದು ಕೂರಿಸಿ, ಕನ್ನಡಿ ಮುಂದಿನ ವರ್ಷ ತನ್ನಿ, ಗೋಡೆಯ ಮೇಲ್ಭಾಗಕ್ಕೆ ಈಗ ಬಣ್ಣವೇ ಸಾಕು. ಮೇಲಿನದನ್ನು ಯಾವ ಭಾನುವಾರ ಬೇಕಾದರೂ ಬದಲಿಸಬಹುದು, ಕೆಳಗಿನದಕ್ಕೆ ಮತ್ತೆ ಹನ್ನೆರಡು ದಿನ ಬೇಕು.